ಕೈ ಎತ್ತುತ್ತಿದ್ದ ಚಾಲಕ

ಕಲಾಮಾ ಪಟ್ಟಣದಿಂದ ಗಣಿಗಳಿಗೆ ಹೋಗುವ ಮರುಭೂಮಿಯ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಅರ್ಧ ರಸ್ತೆ ಮುಚ್ಚಿದ್ದ ಕಡೆ, ಒಂದು ತುದಿಯಲ್ಲಿ, ಮಿರೆಯಾ ಫಲಕ ಹಿಡಿದು ನಿಲ್ಲುತ್ತಿದ್ದಳು. ಅದರ ಕೆಂಪು ಮುಖ ತೋರಿಸಿದರೆ ಲಾರಿ ನಿಲ್ಲಬೇಕು, ಹಸಿರು ತೋರಿಸಿದರೆ ಹೋಗಬೇಕು. ಲಾರಿಗಳಿಗೇನೂ ಬರವಿರಲಿಲ್ಲ, ಬರವಿದ್ದದ್ದು ಮಾತಿಗೆ. ಚಾಲಕರು ಫಲಕವನ್ನು ನೋಡುತ್ತಿದ್ದರೇ ಹೊರತು ಅದನ್ನು ಹಿಡಿದವಳನ್ನಲ್ಲ. ಮಧ್ಯಾಹ್ನ ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರಿ ನಿಂತೇ ತಿನ್ನುತ್ತಿದ್ದಳು.

ಎವಾರಿಸ್ಟೋ ಒಬ್ಬನೇ ಬೇರೆ. ಆಸಿಡ್ ಟ್ಯಾಂಕರ್ ಓಡಿಸುವ ಆ ಮುದುಕ ದಿನವೂ ಕಿಟಕಿಯಿಂದ ಕೈ ಎತ್ತುತ್ತಿದ್ದ.

"ಏನ್ ತಂಗಿ, ಇನ್ನೂ ಒಣಗಿ ಕಡ್ಡಿ ಆಗಿಲ್ವಾ?"

"ನಿಮ್ ಗಾಡಿ ಹೊಗೆ ಕುಡ್ದು ದಪ್ಪ ಆಗ್ತಿದೀನಿ ಅಣ್ಣ."

ಅಷ್ಟೇ ಮಾತು. ಆದರೂ ಅದಕ್ಕಾಗಿ ಅವಳು ಬೆಳಗಾಗುವುದನ್ನೇ ಕಾಯುತ್ತಿದ್ದಳು. ಬಾಡಿಗೆಯ ಕೋಣೆಯಲ್ಲಿ ಅವಳನ್ನು ಊಟ ಆಯ್ತೇ ಎಂದು ಕೇಳುವವರೂ ಇರಲಿಲ್ಲ.

ಒಂದು ದಿನ ಟ್ಯಾಂಕರ್ ಬಂದಾಗ ಅವಳು ಕೆಂಪು ಹಿಡಿದಿದ್ದಳು. ಎದುರಿನಿಂದ ಗಣಿ ಕೆಲಸಗಾರರ ಬಸ್ಸು ಬರುತ್ತಿತ್ತು. ಟ್ಯಾಂಕರ್ ನಿಧಾನವಾಗಲಿಲ್ಲ. ಗಾಜಿನ ಹಿಂದೆ ಅವನ ತಲೆ ಬಗ್ಗಿತ್ತು. ಕೂಗಿದರೂ ಕೇಳಲಿಲ್ಲ. ಮಿರೆಯಾ ಫಲಕ ಬಿಸಾಕಿ ಪಕ್ಕದ ಕಲ್ಲುಗಳ ಮೇಲೆ ಹಾರಿದಳು. ಟ್ಯಾಂಕರ್ ಫಲಕದ ಮೇಲೆ ಹತ್ತಿ, ಬಸ್ಸಿನ ಮೂತಿಗೆ ಒಂದು ಮಾರು ದೂರದಲ್ಲಿ ನಿಂತಿತು.

ಎವಾರಿಸ್ಟೋ ಇಳಿದು ಬಂದ. ಫೋನು ಇನ್ನೂ ಕೈಯಲ್ಲೇ ಇತ್ತು.

"ಆಫೀಸಿಂದ ಮೆಸೇಜು ತಂಗಿ, ಎಲ್ಲಿದೀಯಾ, ಎಲ್ಲಾ ಸರಿಯಾಗಿದ್ಯಾ ಅಂತ. ತಕ್ಷಣ ಉತ್ತರ ಕೊಡ್ದೆ ಇದ್ರೆ ಬಾಯಿಗೆ ಬಂದಂಗೆ ಬೈತಾರೆ. ಒಂದೇ ಸಾಲು ಬರೀತಿದ್ದೆ."

"ಏನಂತ?"

ಅವನು ಫೋನು ನೋಡಿದ. "ಎಲ್ಲಾ ಸರಿಯಾಗಿದೆ ಅಂತ."

"ನಾನು ನಿಂತಿದ್ದು ಕಾಣ್ಲೇ ಇಲ್ವಾ ಅಣ್ಣ?"

"ಇಲ್ಲ ಕಣಮ್ಮ."

ಕಲ್ಲಿಗೆ ಅವಳ ಮಂಡಿ ತರಚಿ ರಕ್ತ ಸುರಿಯುತ್ತಿತ್ತು. ಅದಕ್ಕಿಂತ ಈ ಮಾತೇ ಅವಳಿಗೆ ಹೆಚ್ಚು ನೋವು ಕೊಟ್ಟಿತು. ಇಡೀ ರಸ್ತೆಯಲ್ಲಿ ಅವಳನ್ನು ನೋಡುತ್ತಿದ್ದವನು ಅವನೊಬ್ಬನೇ.

"ಮೇಲಿನವ್ರಿಗೆ ಹೇಳ್ಬೇಡ ತಂಗಿ. ಈ ವಯಸ್ಸಲ್ಲಿ ನಂಗೆ ಬೇರೆ ಯಾರೂ ಗಾಡಿ ಕೊಡಲ್ಲ."

ಹೇಳದಿದ್ದರೆ ನಾಳೆಯೂ ಆ ಕೈ ಏಳುತ್ತದೆ, ಅವಳಿಗೆ ಗೊತ್ತಿತ್ತು. ನಾಳೆಯೂ ಆಫೀಸು ಕೇಳುತ್ತದೆ, ಇವನು ತಲೆ ಬಗ್ಗಿಸುತ್ತಾನೆ, ಅದೂ ಗೊತ್ತಿತ್ತು. ಬಸ್ಸಿನ ಕಿಟಕಿಗಳಲ್ಲಿ ಬಿಳಚಿಕೊಂಡ ಮುಖಗಳು ಇವರನ್ನೇ ನೋಡುತ್ತಿದ್ದವು.

"ಅವರನ್ನೊಂದ್ಸಲ ನೋಡಿ ಅಣ್ಣ," ಎಂದು, ಸೊಂಟದ ವಾಕಿಟಾಕಿ ತೆಗೆದು ಟ್ಯಾಂಕರಿನ ನಂಬರು ಹೇಳಿಬಿಟ್ಟಳು. ಅವನು ಕೇಳುತ್ತ ನಿಂತಿದ್ದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮುಂದಿನ ವಾರ ಅದೇ ಟ್ಯಾಂಕರ್ ಬಂತು, ಚಾಲಕ ಹೊಸಬ. ಕೆಂಪು ಕಂಡ ಕೂಡಲೇ ನಿಲ್ಲಿಸಿದ. ಎರಡೂ ಕೈ ಸ್ಟೀರಿಂಗ್ ಮೇಲೆ, ಫೋನಿನ ಸುಳಿವೇ ಇಲ್ಲ. ಅವಳಿಗೆ ಬೇಕಾಗಿದ್ದದ್ದೂ ಇದೇ. ತಪ್ಪು ಹುಡುಕುವಂತಿರಲಿಲ್ಲ.

ಮಿರೆಯಾ ತಾನೇ ಕೈ ಎತ್ತಿದಳು. ಅವನು ಫಲಕವನ್ನೇ ನೋಡುತ್ತಿದ್ದ. ಅವಳು ಹಸಿರು ತಿರುಗಿಸಿದಳು, ಅವನು ಹೊರಟುಹೋದ.