ಬಿಸಿಲು ತಿಂದ ಹಸಿರು

ಸೈಕಲ್ ನಿನಗಲ್ಲ ಕಣೇ, ಅದು ಒಲ್ಲಬೆರ್ಗನ್ ತಾತನಿಗೆ, ಅಜ್ಜಿ ಅವರನ್ನ ಮದುವೆ ಆಗ್ತಾಳಂತೆ, ನಾಳೆ ಹತ್ತು ಗಂಟೆಗೆ ರೊಟ್ಟಿ ಮುರಿದು ಮಾತು ಗಟ್ಟಿ ಮಾಡೋ ಶಾಸ್ತ್ರ, ನಿನಗೆ ಯಾರೂ ಹೇಳಿಲ್ವಾ — ದಿಲ್‌ನಾವೊ ಫೋನಿನಲ್ಲಿ ನಿಲ್ಲಿಸುತ್ತಲೇ ಇಲ್ಲ, ಚಿಕ್ಕಪ್ಪನ ಮಗಳು, ಉರ್ಗೆಂಚಿನಲ್ಲಿ ಕೂತು ನಮ್ಮ ಮನೆಯ ಸುದ್ದಿಯನ್ನು ನನಗೇ ಹೇಳುತ್ತಿದ್ದಾಳೆ, ನನ್ನ ಕೈಯಲ್ಲಿ ಚೂಪು ಮಾಡಿದ ಬೆಂಕಿಕಡ್ಡಿ, ಕಡ್ಡಿಯ ತುದಿಯಲ್ಲಿ ಹಸಿರು ಬಣ್ಣದ ಒಂದು ಹನಿ, ಅದನ್ನು ಸೈಕಲ್ಲಿನ ಮೈಮೇಲಿನ ಗೀರಿನೊಳಗೆ ಇಳಿಸಬೇಕು, ಗೀರಿನ ಅಂಚು ದಾಟಬಾರದು, ಇಂತಿಜಾರ್, ಇದ್ದೀಯೇನೇ, ಇದ್ದೀನಿ, ಇಡು ಫೋನು, ಬಣ್ಣ ಗಟ್ಟಿಯಾಗುತ್ತೆ. ಹನಿ ಅಂಚು ದಾಟಿತು. ಬಟ್ಟೆಯಲ್ಲಿ ಒರೆಸಿದೆ, ಮತ್ತೆ ಅದ್ದಿದೆ, ಕುತ್ತಿಗೆ ನೋಯುತ್ತಿದೆ, ಮೂರು ದಿನದಿಂದ ಹೀಗೇ ಕುಕ್ಕರುಗಾಲಿನಲ್ಲಿ ಕೂತಿದ್ದೇನೆ, ಮೊದಲ ದಿನ ಸೀಮೆಎಣ್ಣೆಯಲ್ಲಿ ಒರೆಸಿದ್ದು, ಎರಡನೆಯ ದಿನ ತುಕ್ಕು ಉಜ್ಜಿದ್ದು, ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಪುಡಿ ಇದೆ, ಅಜ್ಜ ಸತ್ತು ಎಂಟು ವರ್ಷ, ಎಂಟು ವರ್ಷ ಅವನ ಈ ಸೈಕಲ್ಲು ಹುಲ್ಲಿನ ಕೊಟ್ಟಿಗೆಯ ಮೊಳೆಗೆ ನೇತುಬಿದ್ದಿತ್ತು, ಮಗಳೇ ಅದನ್ನ ಇಳಿಸಿ ಚೆಂದ ಮಾಡು ಅಂತ ಅಜ್ಜಿ ಅಂದಾಗ ನಾನು ಯಾಕೆ ಅಂತ ಕೇಳಲಿಲ್ಲ, ಕಾಲೇಜಿಗೆ ಹೋಗಲು ನನಗೇ ಅಂದುಕೊಂಡೆ, ಬುಟ್ಟಿ ಬೇರೆ ಆರಿಸಿಟ್ಟಿದ್ದೆ, ನನ್ನಷ್ಟು ಪೆದ್ದಿ ಇಡೀ ಖೊರೆಜ್ಮ್ ಸೀಮೆಯಲ್ಲಿ ಇನ್ನೊಬ್ಬಳಿಲ್ಲ.

ಅಜ್ಜಿ, ನಿಜವಾ. ಯಾವುದು. ಮದುವೆ. ಅಜ್ಜಿ ಭುಜದವರೆಗೆ ತಂದೂರು ಒಲೆಯೊಳಗೆ ಇದ್ದಾಳೆ, ರೊಟ್ಟಿಯನ್ನು ಗೋಡೆಗೆ ಬಡಿದು ಈಚೆ ಬಂದಳು, ಮುಖ ಕೆಂಪಗಿದೆ, ಬೆಂಕಿಗೋ ನಾಚಿಕೆಗೋ, ಕೇಳೋಣ ಅಂತಲೇ ಮೂರು ದಿನದಿಂದ ನಿನ್ನ ಸುತ್ತಮುತ್ತ ಓಡಾಡ್ತಿದ್ದೀನಿ, ನೀನು ಆ ಕಬ್ಬಿಣ ಬಿಟ್ಟು ತಲೆ ಎತ್ತಿದ್ರೆ ತಾನೇ. ನಿನಗೆ ಅರವತ್ತಾರು ಅಜ್ಜಿ. ಅವರಿಗೆ ಎಪ್ಪತ್ತೊಂದು, ಅವರ ಮುಂದೆ ನಾನು ಹುಡುಗಿ. ನಗಲಿಲ್ಲ ನಾನು. ಅವಳೂ ನಗು ನಿಲ್ಲಿಸಿ ಕೈಯ ಹಿಟ್ಟು ಕೊಡವಿದಳು, ನೋಡು ಮಗಳೇ, ನೀನು ಆಗಲಿ ಅಂದ್ರೆ ಹೋಗ್ತೀನಿ, ಬೇಡ ಅಂದ್ರೆ ಇಲ್ಲೇ ಇರ್ತೀನಿ, ಮುಖ ಊದಿಸ್ಕೊಳಲ್ಲ, ಆದ್ರೆ ರೊಟ್ಟಿ ಮುರಿಯೋಕೆ ಮುಂಚೆ ಹೇಳು, ಆಮೇಲೆ ಹೇಳಿ ನಾಲ್ಕು ಜನರ ಮುಂದೆ ನನ್ನ ಮಾನ ಕಳೀಬೇಡ. ಅಷ್ಟು ಹೇಳಿ ಮತ್ತೆ ತಂದೂರಿಗೆ ತಲೆ ಕೊಟ್ಟಳು, ಸುಲಭ ಅವಳಿಗೆ, ತಲೆ ಇಡಲು ಒಂದು ತಂದೂರು ಇದೆ. ಅವಳು ಹೋದರೆ ಈ ಅಂಗಳಕ್ಕೆ ಬೀಗ, ನಾನು ಚಿಕ್ಕಪ್ಪನ ಮನೆಗೆ, ದಿಲ್‌ನಾವೊಳ ಕೋಣೆಯಲ್ಲಿ ಒಂದು ಹಾಸಿಗೆ, ಅವಳು ನಿದ್ದೆಯಲ್ಲೂ ಮಾತಾಡುತ್ತಾಳೆ. ಅಮ್ಮ ಸತ್ತಾಗ ನನಗೆ ನಾಲ್ಕು ವರ್ಷ, ಅಂದಿನಿಂದ ಇವಳ ಪಕ್ಕದಲ್ಲೇ ಮಲಗಿದವಳು ನಾನು, ಒಂದು ಬೇಡ ಅಂದರೆ ಸಾಕು, ಎರಡಕ್ಷರ, ಬಾಯಿ ತೆರೆಯಲೂ ಸುಸ್ತು.

ಬಿಸಿಲು ಹಿಪ್ಪುನೇರಳೆ ಮರ ದಾಟಿ ಸೈಕಲ್ಲಿನ ಮೇಲೆ ಬಿತ್ತು, ಆಗ ಕಂಡಿತು. ಅಯ್ಯೋ ದೇವರೇ. ಕಲೆಗಳು. ಹಚ್ಚಿದ ಒಂದೊಂದು ಗೀರೂ ಕಡುಹಸಿರು ಕಲೆಯಾಗಿ ಎದ್ದು ಕೂತಿದೆ, ಚೌಕಟ್ಟಿನ ಉಳಿದ ಮೈಯೆಲ್ಲ ಬೆಂದ ಸೊಪ್ಪಿನ ಬಣ್ಣ, ನಡುವೆ ಹದಿನಾಲ್ಕು ಕಲೆ, ಸಿಡುಬು ಬಂದ ಕುದುರೆಯ ಹಾಗೆ. ಬಜಾರಿನ ಬಣ್ಣದವನು ಯಾವ ಹಸಿರು ಅಂತ ಕೇಳಿದಾಗ ನಾನು ಚೌಕಟ್ಟಿಗೆ ಗಾಳಿಪಂಪು ಹಿಡಿಸುವ ಪಟ್ಟಿ ಬಿಚ್ಚಿ ಅದರ ಅಡಿಯಲ್ಲಿದ್ದ ಬಣ್ಣ ತೋರಿಸಿದೆ, ಐವತ್ತು ವರ್ಷ ಬಿಸಿಲೇ ಕಾಣದ ಹಸಿರು, ಇದೇ ಇದರ ನಿಜವಾದ ಬಣ್ಣ ಅಂದೆ, ಅವನು ಡಬ್ಬಿ ಕಲಕುತ್ತಾ, ಬಿಸಿಲು ತಿಂದ ಮೈಗೆ ನೆರಳಿನ ಬಣ್ಣ ಹಚ್ತೀಯಾ ಮಗಳೇ, ಸ್ವಲ್ಪ ಬಿಳಿ ಸೇರಿಸ್ಲಾ, ಬೇಡ ಅಣ್ಣ ನನಗೆ ಗೊತ್ತು, ಗೊತ್ತಂತೆ, ಏನು ಗೊತ್ತು ನನಗೆ. ಪ್ರತಿ ಗುರುವಾರ ಈ ಒಲ್ಲಬೆರ್ಗನ್ ತಾತ ಕಂಕುಳಲ್ಲಿ ಕರ್ಬೂಜ ಹಿಡಿದು ಕಾಲುವೆ ಆಚೆಯಿಂದ ನಡೆದು ಬರುವುದು, ಟೋಪಿ ತೆಗೆದು ಬೆವರು ಒರೆಸುವುದು, ಒಂದು ಬಟ್ಟಲು ಚಹಾ ಕುಡಿದು ಎದ್ದು ಹೋಗುವುದು, ಅಜ್ಜಿ ಗೇಟಿನ ತನಕ ಹೋಗಿ ಅವರ ನೋಯುವ ಕಾಲು ನೋಡುತ್ತಾ ನಿಲ್ಲುವುದು, ಎಲ್ಲ ಕಂಡಿದ್ದೇನೆ, ಹಣ್ಣು ಸಿಹಿಯಾಗಿದೆ ಅಂತ ತಿಂದಿದ್ದೇನೆ, ಅಷ್ಟೇ. ಈಗ ಉಪ್ಪುಕಾಗದ ತಗೊಂಡು ಹದಿನಾಲ್ಕನ್ನೂ ಉಜ್ಜಿ ತೆಗೆಯಬೇಕು, ಮತ್ತೆ ಬಜಾರು, ಮತ್ತೆ ಬಿಳಿ, ಮತ್ತೆ ಕಡ್ಡಿ, ನಾನ್ಯಾಕೆ ಮಾಡಲಿ, ಹೀಗೇ ಕೊಟ್ಟುಬಿಡಲಿ, ಕಲೆ ಕಲೆ ಸೈಕಲ್ ಹತ್ತಿ ಊರೆಲ್ಲ ಸುತ್ತಲಿ ಅವರು.

ಜಗಲಿಯ ಮೇಲೆ ಅಜ್ಜಿಯ ಫೋನು ಕೂಗುತ್ತಿದೆ, ಪರದೆಯ ಮೇಲೆ ಕರ್ಬೂಜ ಅಂತ ಹೆಸರು, ಇಷ್ಟು ದಿನ ಹಣ್ಣಿನ ಅಂಗಡಿಯವನು ಅಂದುಕೊಂಡಿದ್ದೆ, ಎತ್ತಿದೆ, ಆ ಕಡೆಯಿಂದ ತಾತನ ದನಿ, ಮೆತ್ತಗೆ, ಅಜ್ಜಿಯ ಹೆಸರು ಹಿಡಿದು, ಒಯ್‌ಜಮಾಲ್, ಕೇಳಿದ್ರಾ ಹುಡುಗೀನ, ಅವಳು ಬೇಡ ಅಂದ್ರೆ ಬಲವಂತ ಮಾಡ್ಬೇಡಿ, ನಾನು ಗುರುವಾರ ಗುರುವಾರ ಬಂದು ಹೋಗ್ತೀನಿ, ನನಗೆ ಅದೂ ಸಾಕು. ತಾತ, ನಾನು ಇಂತಿಜಾರ್. ಕೆಮ್ಮು, ಉದ್ದದ ಕೆಮ್ಮು. ಸೈಕಲ್ ಸಿದ್ಧ ಮಾಡ್ತಿದ್ದೀನಿ ತಾತ, ನಿಮಗಂತೆ. ಗೊತ್ತು ಮಗಳೇ, ಬೇಡ ಅಂತ ನಿಮ್ಮಜ್ಜಿಗೆ ಹೇಳೋಕೆ ಹೋಗಿ ಹೇಳ್ಲಿಲ್ಲ, ನೀನೇ ಇಟ್ಕೋ, ನಾನು ನಡೀತೀನಿ. ಅಜ್ಜಿಗೆ ನಿಮ್ಮ ಮಂಡಿದೇ ಚಿಂತೆ. ಮಂಡಿ ಇರಲಿ, ಮಗಳೇ, ನಗಬೇಡ, ನನಗೆ ಸೈಕಲ್ ಬರಲ್ಲ. ಏನು. ಬರಲ್ಲ ಅಂದೆ, ಕುರಿ ಕಾಯ್ತಾ ಮರಳಲ್ಲಿ ಬೆಳೆದವನು ನಾನು, ಅಲ್ಲಿ ಚಕ್ರ ಎಲ್ಲಿ ಉರುಳುತ್ತೆ, ಕತ್ತೆ ಬರುತ್ತೆ, ಒಂಟೆ ಬರುತ್ತೆ, ಇಲ್ಲಿ ಹಾಲುಗಲ್ಲದ ಮಕ್ಕಳೂ ಪೆಡಲ್ ತುಳೀತಾವೆ, ನಿಮ್ಮಜ್ಜಿಗೆ ಹೇಗೆ ಹೇಳಲಿ, ಹಿಂದೆ ಕೂತು ಬಜಾರಿಗೆ ಹೋಗ್ತೀನಿ ಅಂತ ಕನಸು ಕಾಣ್ತಿದ್ದಾರೆ. ತಂದೂರಿನ ಹತ್ತಿರದಿಂದ ಅಜ್ಜಿ ಕೂಗಿದಳು, ಯಾರದು ಫೋನು, ಕರ್ಬೂಜದವರು ಅಜ್ಜಿ, ಅಂದೆ, ರೊಟ್ಟಿ ಸುಟ್ಟ ವಾಸನೆ ಬರುತ್ತಿದೆ, ಸುಡಲಿ, ನನಗೆ ನಗು ಬರುತ್ತಿಲ್ಲ ಎಂಬುದೇ ಆಶ್ಚರ್ಯ, ತಾತ, ಹೇಳು ಮಗಳೇ, ಶಾಸ್ತ್ರ ಹತ್ತಕ್ಕೆ ಅಲ್ವಾ, ನೀವು ಬೆಳಗ್ಗೆ ಏಳು ಗಂಟೆಗೆ ಸೇತುವೆ ಹತ್ರ ಬನ್ನಿ, ಕಾಲುವೆ ದಂಡೆ ಸಮ ಇದೆ, ಹಿಂದೆ ನಾನು ಹಿಡ್ಕೋತೀನಿ, ಉದ್ದ ಅಂಗಿ ಬೇಡ, ಚೈನಿಗೆ ಸಿಕ್ಕುತ್ತೆ. ಬಿದ್ರೆ ಬಣ್ಣ ಹೋಗುತ್ತೆ ಮಗಳೇ, ನೀನು ಅಷ್ಟು ಕಷ್ಟಪಟ್ಟು. ಹೋಗಲಿ ತಾತ, ಕಲೆ ಹೇಗೂ ಇದೆ. ಹಾಗಾದ್ರೆ ನೀನು ಅಜ್ಜಿಗೆ ಏನು ಹೇಳ್ತೀಯ. ನಾಳೆಯ ಬೆಳಗು ಕಣ್ಣ ಮುಂದೆ ಬಂತು, ದಂಡೆಯ ಮೇಲೆ ಓಡುತ್ತಿದ್ದೇನೆ, ಮುಂದೆ ಮುದುಕನ ಅಗಲ ಬೆನ್ನು ಆಚೆ ಈಚೆ ವಾಲುತ್ತಿದೆ, ನನ್ನ ಕೈ ಸೀಟಿನ ಹಿಂದೆ, ಬಿಡಬೇಡ ಮಗಳೇ ಅನ್ನುತ್ತಾರೆ, ಬಿಟ್ಟಿಲ್ಲ ತಾತ ಅನ್ನುತ್ತೇನೆ, ಕೈ ಬಿಟ್ಟಾಗಿದೆ — ಏಳಕ್ಕೆ ತಾತ, ಸೇತುವೆ ಹತ್ರ. ಆಗಲಿ ಮಗಳೇ, ಏಳಕ್ಕೆ.