ಎಣ್ಣೆಯೊಳಗಿನ ಲೋಹ

ಟ್ಯೂಬ್‌ಲೈಟ್ ಕಾರ್ಖಾನೆ ಬಾಗಿಲು ಹಾಕಿದಾಗ ನನ್ನ ಗಂಡನಿಗೆ ಬಾಕಿ ಸಂಬಳದ ಬದಲು ಒಂದು ಗಾಜಿನ ಕೊಳವೆ ಸಿಕ್ಕಿತು. ಬಾಯಿ ಕರಗಿಸಿ ಮುಚ್ಚಿದ ಕೊಳವೆ, ಒಳಗೆ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ನಲವತ್ತು ಗ್ರಾಂ ಯುರೋಪಿಯಂ. ದೀಪದ ಬೆಳಕಿಗೆ ಕೆಂಪು ಕೂಡಿಸುವ ಲೋಹ ಇದೇ. ನೋಟಿನ ಗುಪ್ತ ಶಾಯಿಯಲ್ಲೂ ಇರುತ್ತದಂತೆ. ಎಲ್‌ಇಡಿ ಬಂದ ಮೇಲೆ ಇದರ ಬೆಲೆ ನೆಲಕಚ್ಚಿತ್ತು. "ಏರುತ್ತೆ, ನೋಡ್ತಿರು" ಎಂದು ಇವರು ಆರು ವರ್ಷ ಕಾದರು. ಅಷ್ಟೂ ವರ್ಷ ಕೊಳವೆಯ ಧೂಳು ಒರೆಸಿದವಳು ನಾನು.

ಅಂತೂ ಇಂತೂ ಬೆಲೆ ಏರಿತು. ಪ್ರಯೋಗಾಲಯಗಳಿಗೆ ಲೋಹ ಒದಗಿಸುವ ವ್ಯಾಪಾರಿಯೊಬ್ಬ ಎಂಟು ದಿನದಲ್ಲಿ ಬಂದು ಒಯ್ಯುವೆನೆಂದ. ಆ ದುಡ್ಡಿನಲ್ಲಿ ಇವರು ದೀಪ ರಿಪೇರಿಯ ಅಂಗಡಿ ಹಾಕುವವರಿದ್ದರು. ಅಷ್ಟು ದಿನ ಅದು ನನ್ನ ಅಪ್ಪನ ತಿಜೋರಿಯಲ್ಲಿರಲಿ ಎಂದು ನಾನೇ ಹೇಳಿದೆ. ಯಾಕಾದರೂ ಹೇಳಿದೆನೋ!

ಅಪ್ಪ ಅಕ್ಕಸಾಲಿಗ. ಚಿನ್ನ ಬಿಟ್ಟು ಬೇರೆ ಲೋಹಕ್ಕೆ ಮರ್ಯಾದೆ ಕೊಟ್ಟವನಲ್ಲ, ಟ್ಯೂಬ್‌ಲೈಟಿನ ಅಳಿಯನಿಗೂ ಅಷ್ಟಕ್ಕಷ್ಟೆ.

"ಇದೇನು, ಉಪ್ಪಿನಕಾಯಿ ಹಾಕಿದ ಹಾಗೆ ಎಣ್ಣೇಲಿಟ್ಟಿದ್ದೀರಿ?" ಎಂದ ಅಪ್ಪ.

"ಹೊಳಪು ಹೋಗ್ದೆ ಇರ್ಲಿ ಅಂತ ಮಾವ," ಎಂದರು ಇವರು. "ಚಿನ್ನ ಎಲ್ರ ಮನೇಲೂ ಇರುತ್ತೆ. ಇದನ್ನ ಕಣ್ಣಲ್ಲಿ ಕಂಡೋರೇ ಕಮ್ಮಿ."

ಅಪ್ಪ ಕೊಳವೆಯನ್ನು ತಿಜೋರಿಗೆ ಸೇರಿಸಿದ. ಆದರೆ ತೂಕದ ಚೀಟಿ ಬರೆಯದೆ ಅವನು ಯಾರ ಲೋಹವನ್ನೂ ಇಟ್ಟುಕೊಂಡವನಲ್ಲ. ಗಿರಾಕಿಯ ಕಣ್ಣಿನ ಅನುಮಾನವನ್ನು ನಲವತ್ತು ವರ್ಷ ಎದುರಿಸಿ ಕಲಿತ ಅಭ್ಯಾಸ ಅದು. ಎಣ್ಣೆ, ಗಾಜು ಸಮೇತ ತೂಗಿದರೆ ಅದೊಂದು ತೂಕವೇ? ಮಾರನೇ ದಿನ ಕೊಳವೆಯ ಕತ್ತು ಮುರಿದ. ಲೋಹವನ್ನು ತೊಳೆದು ಒರೆಸಿ, ಮೇಲಿನ ಮಂಕನ್ನು ಚಾಕುವಿನಿಂದ ಕೆರೆದ. ಸೀಸದಷ್ಟು ಮೆತ್ತಗಿತ್ತಂತೆ, ಬೆಳ್ಳಿಯಂತೆ ಹೊಳೆಯಿತಂತೆ. ಕೆರೆದ ಚೂರನ್ನೂ ಬಿಡದೆ ತೂಗಿ ನಲವತ್ತು ಗ್ರಾಂ ಎಂದು ಚೀಟಿ ಬರೆದ. ಬಂದವರ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಎಲ್ಲವನ್ನೂ ಹತ್ತಿ ಹಾಸಿದ ಒಡವೆ ಪೆಟ್ಟಿಗೆಯಲ್ಲಿಟ್ಟ. ಅಳಿಯನಿಗಾಗಿ ಅಪ್ಪ ಅಷ್ಟು ಶ್ರಮಪಟ್ಟಿದ್ದು ಅದೇ ಮೊದಲು.

ಎಂಟನೇ ದಿನ ಅಪ್ಪನಲ್ಲಿಗೇ ಬಂದ ವ್ಯಾಪಾರಿ ನಮ್ಮೆಲ್ಲರ ಎದುರು ಪೆಟ್ಟಿಗೆ ತೆರೆದ. ಹತ್ತಿಯ ಮೇಲೆ ಹಳದಿ ಪುಡಿ ಇತ್ತು.

"ಗಾಳಿಗೆ ಬಿಟ್ಟಿದ್ದೀರಿ. ಇದು ನನಗೆ ಬೇಡ," ಎಂದು ಚೀಲ ಎತ್ತಿಕೊಂಡು ಹೊರಟುಹೋದ.

ಅಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ತಕ್ಕಡಿ ಎಳೆದುಕೊಂಡ. ಹತ್ತಿಯ ಎಳೆಎಳೆ ಕೊಡವಿ ಪುಡಿಯನ್ನೆಲ್ಲ ತಟ್ಟೆಗೆ ಸುರಿದ. ನಲವತ್ತೊಂಬತ್ತು ಗ್ರಾಂ ತೂಗಿತು. ತೂಕದ ಬಟ್ಟುಗಳನ್ನು ತೆಗೆದು ಇನ್ನೊಮ್ಮೆ ತೂಗಿದ. ಅಷ್ಟೇ ಬಂತು.

"ಜಾಸ್ತಿ ಬರ್ತಿದೆ," ಎಂದ. "ಕೆಲಸ ಮಾಡಿದ್ರೆ ಲೋಹ ಸವೆಯುತ್ತೆ, ಬೆಳೆಯಲ್ಲ. ಅಳಿಯಂದ್ರೇ, ನಾನು ಏನೂ ಬೆರೆಸಿಲ್ಲ, ಏನೂ ತೆಗೆದಿಲ್ಲ. ಚೀಟಿ ನೋಡಿ."

"ಗೊತ್ತು ಮಾವ. ಗಾಳಿ, ತೇವ ಎರಡನ್ನೂ ಹೀರ್ಕೊಂಡಿದೆ. ಅದರದೇ ತೂಕ."

"ನಿಮಗಿದು ಮೊದ್ಲೇ ಗೊತ್ತಿತ್ತಾ?"

"ಕಾರ್ಖಾನೆಯಲ್ಲಿ ಹತ್ತು ವರ್ಷ ಇದನ್ನೇ ಕಾದೋನು ನಾನು. ಗಾಳಿ ತಾಗಿದ್ರೆ ಹಾಳಾಗೋ ಲೋಹ ಅಂದ್ರೆ ನೀವು ನಗ್ತೀರಿ ಅಂತ ಹೇಳ್ಲಿಲ್ಲ."

ಇಬ್ಬರನ್ನೂ ಒಟ್ಟಿಗೆ ಬೈಯಲು ನಾನು ಬಾಯಿ ತೆರೆದೆ. ಅಳು ಬಂತು. ಆರು ವರ್ಷ ಕಾದ ಅಂಗಡಿ ಆ ತಟ್ಟೆಯಲ್ಲಿ ಹಳದಿಯಾಗಿ ಕೂತಿತ್ತು.

ಅಪ್ಪ ತಕ್ಕಡಿಯನ್ನು ಬದಿಗಿಟ್ಟ. "ನಗ್ತಿದ್ದೆ," ಎಂದ.

ಆಮೇಲೆ ತನ್ನ ಕೆಲಸದ ಮೇಜಿನ ಅರ್ಧಭಾಗದಿಂದ ಚಿಮಟ, ಅರ, ಒರೆಗಲ್ಲು ಎಲ್ಲವನ್ನೂ ಒಂದೊಂದಾಗಿ ಈಚೆಗೆ ಸರಿಸಿದ. ನನ್ನನ್ನು ಕೂಡ ಮುಟ್ಟಲು ಬಿಡದ ಮೇಜು ಅದು.

"ನಾಳೆಯಿಂದ ನಿಮ್ಮ ದೀಪಗಳನ್ನ ಇಲ್ಲಿಗೇ ತನ್ನಿ," ಎಂದ.