ಒಣತಲೆಯ ಹದಿನೈದು ನಿಮಿಷ

ತಣ್ಣಗೆ, ಕಿವಿಯ ಹಿಂದೆ ಒಂದು ಹನಿ ಜಾರುತ್ತಿದೆ, ಕತ್ತಿಗಿಳಿಯುವ ಮೊದಲೇ ಹಿಡಿಯಬೇಕು, ಔಷಧಿ ತಲೆಗೆ ಮಾತ್ರ, ಕತ್ತಿಗಲ್ಲ, ಮುಖಕ್ಕಂತೂ ಅಲ್ಲವೇ ಅಲ್ಲ — ಅವಳು ಬಟ್ಟೆಯ ತುದಿಯಿಂದ ಅದನ್ನು ಒತ್ತಿಕೊಂಡಳು, ಕೂತ ಸ್ಟೂಲು ಒಂದು ಕಡೆಗೆ ವಾಲಿತು, ಇದರ ಕುಂಟುಕಾಲು ಸರಿಮಾಡಿಕೊಡಿ ರೀ ಅಂತ ಎಷ್ಟು ಸಲ ಹೇಳಿದ್ದಳೋ, ಆಯ್ತು ಕಣೇ ನಾಳೆ ಅನ್ನುತ್ತಿದ್ದ ಗಂಡ, ಊರಿನವರ ಕಿಟಕಿಗೆಲ್ಲ ಗಾಜು ಕೂರಿಸುವವನಿಗೆ ಮನೆಯ ಸ್ಟೂಲು ಮಾತ್ರ ಯಾವತ್ತೂ ನಾಳೆಯೇ. ತಲೆ ಒಣಗಿರಬೇಕು. ಶಾಂಪೂ ಅಂದಮೇಲೆ ನೀರು ಸುರಿದುಕೊಂಡೇ ಹಚ್ಚುವುದಲ್ಲವೇ ಅಂದುಕೊಂಡಿದ್ದಳು ಮೊದಮೊದಲು, ಇದು ಹಾಗಲ್ಲ ಅಂದಿದ್ದರು ಚರ್ಮದ ಡಾಕ್ಟರಮ್ಮ, ಒಣತಲೆಗೆ ಹಚ್ಚಿ, ಹೊಪ್ಪಳೆ ಎದ್ದಿರುವ ಕಡೆ ಮಾತ್ರ ತೆಳ್ಳಗೆ ಹಚ್ಚಿ, ಹದಿನೈದು ನಿಮಿಷ ಬಿಡಿ, ಆಮೇಲೆ ನೀರು ಹಾಕಿ ನೊರೆ ಮಾಡಿ ತೊಳೆದುಬಿಡಿ, ಬಿಡುವಾಗ ತಲೆ ಮುಚ್ಚಬೇಡಿ. ನೆತ್ತಿಯದು ಆಯಿತು, ಹಣೆಯ ಅಂಚಿನದು ಆಯಿತು, ಇನ್ನು ಹಿಂದಲೆ — ಅಲ್ಲೇ ಕಷ್ಟ, ಕೈಗೆ ಸಿಗುತ್ತದೆ ಕಣ್ಣಿಗೆ ಸಿಗುವುದಿಲ್ಲ, ಅವನಿದ್ದಾಗ ಕಣ್ಣು ಬೇಕಿರಲಿಲ್ಲ. ಅವನಿದ್ದಾಗ ಅಂತ ಯಾಕೆ ಅಂದುಕೊಂಡೆ, ಇದ್ದಾನಲ್ಲ, ನಡುಮನೆಯ ಕುರ್ಚಿಯ ಮೇಲೆ ಕೂತಿದ್ದಾನಲ್ಲ, ಕಾಲಿಗೆ ಸಾಕ್ಸು ಹಾಕಿಸಿ ಅವಳೇ ಕೂರಿಸಿ ಬಂದಿದ್ದಾಳೆ. ಬಾಚಣಿಗೆಯ ಹಿಂತುದಿಯಿಂದ ಗೆರೆ ಎಳೆದ ಹಾಗೆ ಬೈತಲೆ ತೆಗೆಯುತ್ತಿದ್ದ, ಒಂದು ಗೆರೆ, ಅದರ ಪಕ್ಕಕ್ಕೆ ಇನ್ನೊಂದು, ಗಾಜು ಕೊಯ್ಯುವವನ ಕೈ, ಒತ್ತಡ ಒಂದು ಕೂದಲೆಳೆಯಷ್ಟೂ ಹೆಚ್ಚಾಗುತ್ತಿರಲಿಲ್ಲ, ಇಲ್ಲೊಂದು ದೊಡ್ಡದು ಎದ್ದಿದೆ ಕಣೇ, ಹೋದ ವಾರಕ್ಕಿಂತ ಇಳಿದಿದೆ, ಕೆರ್ಕೊಂಡಿದೀಯಾ ಇಲ್ಲಿ, ಸುಳ್ಳು ಹೇಳ್ಬೇಡ, ಉಗುರಿನ ಗುರುತು ಕಾಣ್ತಿದೆ.

ಎದುರಿಗೊಂದು ಕನ್ನಡಿ, ಬೆನ್ನ ಹಿಂದೊಂದು ಕನ್ನಡಿ. ಹಿಂದಿನದನ್ನು ಅವನು ಕೂರಿಸಿದ್ದು ಹೋದ ಚಳಿಗಾಲದಲ್ಲಿ, ಹೆಸರುಗಳು ಒಂದೊಂದಾಗಿ ಅವನ ಕೈಬಿಡಲು ಶುರುಮಾಡಿದ್ದ ಸಮಯ, ಮೊದಲು ಗಿರಾಕಿಗಳ ಹೆಸರು, ಆಮೇಲೆ ಬೀದಿಗಳದ್ದು, ಒಂದು ದಿನ ಕೈಯಲ್ಲಿ ಅಳತೆಪಟ್ಟಿ ಹಿಡಿದು ಇದಕ್ಕೇನಂತಾರೆ ಅಂತ ಅವಳನ್ನೇ ಕೇಳಿದ್ದ, ಕೇಳಿ ನಕ್ಕಿದ್ದ, ಅವಳೂ ನಕ್ಕಿದ್ದಳು, ಇಬ್ಬರಿಗೂ ನಗು ಬೇಗ ಮುಗಿದುಹೋಗಿತ್ತು. ಮಾರನೆಯ ದಿನವೇ ಕನ್ನಡಿ ತಂದ. ಗೋಡೆಗೆ ತೂತು ಕೊರೆಯುತ್ತ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು, ನಾಳೆ ನನ್ನ ತಲೆ ಪೂರ್ತಿ ಕೆಟ್ಟರೂ ನಿನ್ನ ತಲೆ ನಿನಗೆ ಕಾಣ್ಲಿ ಕಣೇ ಅಂದ. ಅವಳು ಗೋಡೆಯಿಂದ ಉದುರುತ್ತಿದ್ದ ಪುಡಿಗೆ ಪೇಪರು ಹಿಡಿದು ನಿಂತಿದ್ದಳು. ಅವಳ ತಲೆಯಿಂದಲೂ ಹಾಗೇ ಉದುರುತ್ತಿತ್ತಲ್ಲ, ಬಸ್ ನಿಲ್ದಾಣದ ಪಾಸು ಕೌಂಟರಿನ ಕಪ್ಪು ಮೇಜಿನ ಮೇಲೆ, ಬೆಳ್ಳಗೆ, ಚಕ್ಕೆ ಚಕ್ಕೆಯಾಗಿ, ಅಂಗೈಯಿಂದ ಗುಡಿಸಿ ಕೆಳಗೆ ಬೀಳಿಸುತ್ತಿದ್ದಳು, ಕ್ಯೂನಲ್ಲಿ ನಿಂತವರು ನೋಡಿಯೂ ನೋಡದ ಹಾಗೆ ಮಾಡುತ್ತಿದ್ದರು, ಪಕ್ಕದ ಸೀಟಿನವಳು ಮಾತ್ರ ಕುರ್ಚಿಯನ್ನು ದಿನಕ್ಕಿಷ್ಟು ದಿನಕ್ಕಿಷ್ಟು ದೂರ ಸರಿಸಿಕೊಂಡಳು, ಇದು ಸೋರಿಯಾಸಿಸ್ಸು, ಅಂಟುವ ರೋಗ ಅಲ್ಲ ಅಂತ ಹೇಳಲು ಬಾಯಿ ತೆರೆದಾಗಲೆಲ್ಲ ಯಾರೋ ಪಾಸು ಕೇಳುತ್ತಿದ್ದರು. ಆಗ ಕಟ್ಟಿಕೊಂಡ ಸ್ಕಾರ್ಫು, ನೌಕರಿ ಮುಗಿದ ಮೇಲೂ ಹೊರಗೆ ಹೋಗುವಾಗ ಬಿಚ್ಚಲಿಲ್ಲ. ಅವನು ಬಂದದ್ದೂ ಆ ಕೌಂಟರಿಗೇ, ಬಿರುಕು ಬಿಟ್ಟ ಗಾಜು ಬದಲಾಯಿಸಲು, ಹಳೆಯ ಗಾಜು ತೆಗೆದಮೇಲೆ ಅವಳಿಗೂ ಅವನಿಗೂ ನಡುವೆ ಒಂದು ಖಾಲಿ ಚೌಕ, ಅವನು ಅದರೊಳಗೆ ಕೈ ತೂರಿಸಿ ಅವಳ ಭುಜದ ಮೇಲಿನ ಚಕ್ಕೆಯೊಂದನ್ನು ಎರಡು ಬೆರಳಲ್ಲಿ ಎತ್ತಿ, ಅಭ್ರಕದ ಹಾಗಿದೆ ಅಂದಿದ್ದ, ಹೆದರದೆ, ಹೇಸದೆ, ಬೆಳಕಿಗೆ ಹಿಡಿದು. ಅವಳಿಗೆ ಸಿಟ್ಟು ಬಂದು ಮೈಯೆಲ್ಲ ಉರಿದುಹೋಗಿತ್ತು. ಆ ವರ್ಷವೇ ಮದುವೆ.

ಹಿಂದಲೆಯ ಬೈತಲೆ ಸೊಟ್ಟಗಾಯಿತು. ಇರಲಿ. ಶಾಂಪೂ ಅಂಟಂಟಾಗಿ ಬೆರಳ ಸಂದಿಗೆ ಇಳಿಯುತ್ತಿದೆ, ಕೈ ತೊಳೆದುಕೊಳ್ಳಬೇಕು, ತೊಳೆಯದ ಕೈಯನ್ನು ಕಣ್ಣಿಗೆ ಒಯ್ಯಬಾರದು, ಎಲ್ಲ ಗೊತ್ತಿದೆ ಈಗ, ಆಗ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ — ತುರಿಕೆ ನಿಂತಿತಲ್ಲ ಮೊದಲ ಸಲ, ಹುಚ್ಚು ಸಂತೋಷ, ಇಷ್ಟು ವರ್ಷ ಎಲ್ಲಿದ್ದೆ ಮಾರಾಯ ಅಂತ ಆ ಬಾಟಲಿಯನ್ನೇ ಮಾತಾಡಿಸಿದ್ದಳು, ನಾಲ್ಕು ವಾರಕ್ಕೆ ನಿಲ್ಲಿಸಿ ಬಂದು ತೋರಿಸಿ ಅಂದದ್ದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಬಾಟಲಿಯ ಮೇಲೆ ಬಾಟಲಿ ತಂದಳು, ಹದಿನೈದು ನಿಮಿಷಕ್ಕೆ ಇಷ್ಟು ಗುಣ ಆದರೆ ಇನ್ನೂ ಹೊತ್ತು ಬಿಟ್ಟರೆ ಎಷ್ಟಾದೀತು ಅಂತ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಬೆಳಗಾಗುವವರೆಗೆ ಮಲಗಿದಳು. ಕಿವಿಯ ಹಿಂದೆ ಚರ್ಮ ಕೆಂಪಗೆ ತೆಳ್ಳಗಾಯಿತು, ಕೆಳಗಿನ ನರದ ಎಳೆಗಳು ಕಾಣತೊಡಗಿದವು, ಬಾಚಣಿಗೆ ತಾಗಿದರೆ ರಕ್ತ. ಡಾಕ್ಟರಮ್ಮ ಬೈದದ್ದು ಅವಳನ್ನು, ನೊಂದುಕೊಂಡದ್ದು ಅವನು, ಇದು ಸ್ಟೀರಾಯ್ಡು ಕಣಮ್ಮ, ಸೋಪಲ್ಲ, ಮುಚ್ಚಿಟ್ರೆ ಬೇಡದಷ್ಟು ಒಳಗಿಳಿಯುತ್ತೆ, ಚರ್ಮ ಸವೆಯುತ್ತೆ, ಹಾಗಂತ ಹೆದರಿ ಬಿಟ್ಬಿಡ್ಬೇಡಿ, ಹೇಳಿದಷ್ಟೇ ಹಚ್ಚಿ, ಹೇಳಿದಾಗ ನಿಲ್ಸಿ. ತಿಂಗಳುಗಟ್ಟಲೆ ನಿಲ್ಲಿಸಿ, ಚರ್ಮ ಕೂಡಿಕೊಂಡ ಮೇಲೆ ಮತ್ತೆ ಶುರು ಮಾಡಿದಾಗಿನಿಂದ ಕಾವಲು ಅವನದು. ಬಾಟಲಿ ಅವನ ಸುಪರ್ದಿಗೆ, ಬೈತಲೆ ಅವನ ಸುಪರ್ದಿಗೆ, ಹಚ್ಚಿದ ಮೇಲೆ ಬಚ್ಚಲಿನ ಹೊಸ್ತಿಲ ಮೇಲೆ ಕೂತು ಕತೆ ಹೇಳುತ್ತಿದ್ದ, ಯಾರದೋ ಮನೆಯ ಮೂರನೇ ಮಹಡಿಗೆ ಆಳೆತ್ತರದ ಗಾಜು ಹೊತ್ತು ಹತ್ತಿದ್ದು, ಮೇಲಕ್ಕೆ ಮುಟ್ಟಿದ ಮೇಲೆ ಆ ಮನೆಯ ಬೆಕ್ಕು ಕಾಲಿಗೆ ಸಿಕ್ಕಿದ್ದು, ಆಮೇಲೇನಾಯ್ತು ರೀ, ಆಮೇಲೇನು, ಬೆಕ್ಕಿಗೇನೂ ಆಗ್ಲಿಲ್ಲ. ಎದ್ದೇಳು, ಟೈಮಾಯ್ತು, ತೊಳ್ಕೋ.

ಈಗ ಹೊಸ್ತಿಲು ಖಾಲಿ. ಹಿಂದಲೆ ನೋಡಿಕೊಳ್ಳಲು ಅವಳು ಕತ್ತು ಓರೆ ಮಾಡಿದಳು, ಕನ್ನಡಿಯೊಳಗಿನ ಕನ್ನಡಿಯಲ್ಲಿ ಬೈತಲೆ, ಅದರಾಚೆ ಬಚ್ಚಲ ಬಾಗಿಲು, ಅದರಾಚೆ ನಡುಮನೆ, ಕುರ್ಚಿಯ ಬೆನ್ನು, ಕುರ್ಚಿ — ಕುರ್ಚಿಯಲ್ಲಿ ಅವನಿಲ್ಲ, ಅದರಾಚೆ ಮುಂಬಾಗಿಲು ಒಂದು ಗೇಣು ತೆರೆದಿದೆ, ಹೊರಗಿನ ಬಿಸಿಲು ಪಟ್ಟಿಯಾಗಿ ನೆಲದ ಮೇಲೆ ಬಿದ್ದಿದೆ. ಎದ್ದಳು. ರೀ. ರೀ, ಎಲ್ಲಿದೀರಿ. ಚಿಲಕ ಹಾಕಿದ್ದೆನಲ್ಲ, ಹಾಕಿದ್ದೆನಾ, ಹಾಲಿನವನು ಬಂದಾಗ ತೆಗೆದದ್ದು, ಆಮೇಲೆ ಹಾಕಿದ್ದೆನಾ. ತೊಳೆದುಕೊಂಡು ಹೋಗೋಣವೆಂದರೆ ಅಷ್ಟರಲ್ಲಿ ಅವನು ದೊಡ್ಡ ರಸ್ತೆ ಮುಟ್ಟಿರುತ್ತಾನೆ, ಕಾರು, ಲಾರಿ, ಅವನಿಗೆ ಈಗ ಕೆಂಪು ದೀಪ ಹಸಿರು ದೀಪ ಎಲ್ಲ ಬರೀ ಬಣ್ಣದ ಗಾಜು. ಕೈ ತನ್ನ ಪಾಡಿಗೆ ತಾನು ಗೂಟದ ಮೇಲಿನ ಸ್ಕಾರ್ಫನ್ನು ಎಳೆದು ತಲೆಗೆ ಸುತ್ತಿತು, ಅರ್ಧ ಸುತ್ತಿತು, ಮುಚ್ಚಬೇಡ ಕಣೇ ಅಂದಿತು ಅವನದೇ ದನಿ, ಎಲ್ಲಿಂದಲೂ ಅಲ್ಲ, ಅವಳ ತಲೆಯೊಳಗಿಂದಲೇ, ಮತ್ತೆ ರಕ್ತ ಬರಿಸ್ಕೊಳ್ತೀಯಾ — ಕಿತ್ತು ಎಸೆದಳು. ಮೆಟ್ಟಿಲು. ಚಪ್ಪಲಿ ಒಂದು ಕಾಲಿಗೆ ಸಿಕ್ಕಿತು, ಇನ್ನೊಂದು ಸಿಗಲಿಲ್ಲ, ಎರಡನ್ನೂ ಬಿಟ್ಟಳು. ಬೀದಿ ಬೆಳಕಿಗೆ ತಲೆ ಒಡ್ಡಿಕೊಂಡು ಅವಳು ಹೀಗೆ ನಡೆದದ್ದು ಯಾವಾಗ, ಹುಡುಗಿಯಾಗಿದ್ದಾಗಲೋ ಏನೋ, ಗಾಳಿ ನೇರ ಹೊಪ್ಪಳೆಗೆ ತಾಗುತ್ತಿದೆ, ಒದ್ದೆ ಕೂದಲು ಗುಂಪು ಗುಂಪಾಗಿ ಅಂಟಿಕೊಂಡು ಅದರ ನಡುವೆ ಬೆಳ್ಳಗೆ ಕೆಂಪಗೆ ಎಲ್ಲ ಕಾಣುತ್ತಿರಬೇಕು, ಕಾಣಲಿ, ಎದುರು ಮನೆಯ ಟೀಚರು ಗೇಟಿನ ಹತ್ತಿರ ನಿಂತವರು ಅಯ್ಯೋ ಇದೇನ್ರೀ ನಿಮ್ಮ ತಲೆ ಅಂದರು, ನಮ್ಮನೆಯವರನ್ನ ನೋಡಿದ್ರಾ ಅಂದಳು, ತಲೆಗೇನಾಯ್ತು ಅಂದರು, ನಮ್ಮನೆಯವರು ಈ ಕಡೆ ಹೋದ್ರಾ, ಅದನ್ನ ಹೇಳಿ ಮೊದ್ಲು. ಟೀಚರು ಕೈ ತೋರಿಸಿದರು. ಅವರ ಕಣ್ಣು ಮಾತ್ರ ಅವಳ ನೆತ್ತಿ ಬಿಟ್ಟು ಕದಲಲಿಲ್ಲ. ಹಣೆಯಿಂದ ಹನಿ ಇಳಿಯುತ್ತಿದೆ, ಹುಬ್ಬಿಗೆ ಬಂದಿತು, ಕಣ್ಣಿಗೆ ಹೋಗಬಾರದು, ತೋಳಿಗೆ ಒರೆಸಿಕೊಂಡಳು, ಎಷ್ಟು ಹೊತ್ತಾಯಿತು ಹಚ್ಚಿ, ಗಡಿಯಾರ ಮನೆಯಲ್ಲಿ, ಹೊತ್ತು ಅವನ ಹತ್ತಿರ, ಹೊತ್ತು ನೋಡುವವನೇ ಹೊರಟುಹೋಗಿದ್ದಾನೆ. ತಿರುವು. ಹೊಲಿಗೆಯಂಗಡಿ. ಅಲ್ಲಿಲ್ಲ. ಬ್ರೆಡ್ಡಿನಂಗಡಿ —

ಸಾಕ್ಸಿನ ಕಾಲಲ್ಲಿ ನಿಂತಿದ್ದಾನೆ. ಬ್ರೆಡ್ಡಿನಂಗಡಿಯ ದೊಡ್ಡ ಗಾಜಿನ ಮುಂದೆ, ಹೆಬ್ಬೆರಳಿನ ಉಗುರಿನಿಂದ ಚೌಕಟ್ಟಿನ ಅಂಚಿಗೆ ಗಾಜು ಹಿಡಿದಿಡಲು ಮೆತ್ತಿದ ಪುಟ್ಟಿಯನ್ನು ಒತ್ತಿ ಒತ್ತಿ ನೋಡುತ್ತ, ಒಣಗಿದೆಯಾ, ಹಿಡಿದಿದೆಯಾ, ಬದುಕಿನುದ್ದಕ್ಕೂ ನೋಡಿದ ಹಾಗೆ. ಅಂಗಡಿಯಾಕೆ ಬಾಗಿಲಲ್ಲಿ ನಿಂತು ಏನು ಮಾಡುವುದೆಂದು ತಿಳಿಯದೆ ಕೈಕಟ್ಟಿಕೊಂಡಿದ್ದಾಳೆ. ಇವಳಿಗೆ ಸಿಟ್ಟೂ ಬಂತು, ಅಳುವೂ ಬಂತು, ಹೇಳದೆ ಕೇಳದೆ ಹೀಗೆ ಬರ್ತಾರೇನ್ರೀ, ನಡೀರಿ ಮನೆಗೆ ಅಂದಳು. ಅವನು ತಿರುಗಿದ. ಮುಖ ನೋಡಲಿಲ್ಲ, ತಲೆ ನೋಡಿದ. ಬಹಳ ಹೊತ್ತು ನೋಡಿದ, ಕೆಟ್ಟ ಗಾಜನ್ನು ನೋಡುವ ಹಾಗೆ, ಯಾರು ಕೂರಿಸಿದ್ದು ಇದನ್ನು ಅಂತ ಕೇಳುವ ಹಾಗೆ. ಬೈತಲೆ ಸೊಟ್ಟಗಿದೆಯಲ್ಲಮ್ಮ, ಹಿಂದೆ ಎಲ್ಲೂ ಸರಿಯಾಗಿ ತಾಗೇ ಇಲ್ಲ ಅಂದ. ಅಮ್ಮ ಅಂದ. ಎಷ್ಟು ಹೊತ್ತಾಯ್ತು ಹಚ್ಚಿ ಅಂದ. ಗೊತ್ತಿಲ್ಲ ಅಂದಳು. ಗೊತ್ತಿಲ್ಲ ಅಂದ್ರೆ ಹೇಗೆ, ಹದಿನೈದು ನಿಮಿಷ ದಾಟಬಾರ್ದು ಇದು, ನಿಮಗೆ ಯಾರೂ ಹೇಳಿಲ್ವಾ, ನನ್ನ ಹೆಂಡತಿಗೂ ಇದೆ ಇದು, ಒಂದ್ಸಲ ಹೀಗೇ ಮಾಡ್ಕೊಂಡು ಚರ್ಮ ಎಲ್ಲ — ಮಾತು ಸಿಗದೆ ಬೆರಳುಗಳನ್ನು ಉಜ್ಜಿ ತೋರಿಸಿದ, ತೆಳ್ಳಗೆ ಅನ್ನಲು. ನಿಮಗೆ. ಅಮ್ಮ, ನಿಮಗೆ. ಇಷ್ಟು ವರ್ಷ ಬರೀ ನೀನು, ಬರೀ ಕಣೇ, ಸಿಟ್ಟಿನಲ್ಲೂ ಏಕವಚನ ಬಿಡದವನು. ನಿಮ್ಮ ಹೆಂಡತಿ ಎಲ್ಲಿದಾರೆ ಈಗ ಅಂತ ಅವಳ ಬಾಯಿ ಕೇಳಿತು, ಬೇಡ ಬೇಡ ಅನ್ನುವಾಗಲೇ ಕೇಳಿಬಿಟ್ಟಿತು. ಕೌಂಟರಲ್ಲಿದಾಳೆ, ಸಂಜೆ ಬರ್ತಾಳೆ, ತುಂಬ ಒಳ್ಳೆಯವಳು ಅಂದ, ತಲೆ ಮಾತ್ರ ಯಾರಿಗೂ ತೋರ್ಸಲ್ಲ, ನನಗೊಬ್ಬನಿಗೇ.

ಅಂಗಡಿಯ ಪಕ್ಕದಲ್ಲಿ ತಟ್ಟೆ ತೊಳೆಯುವ ನಲ್ಲಿ. ಅವನೇ ಅವಳ ಮೊಣಕೈ ಹಿಡಿದು ಅಲ್ಲಿಗೆ ನಡೆಸಿದ, ಅಪರಿಚಿತಳನ್ನು ಹಿಡಿಯುವಷ್ಟೇ ಹಗುರಾಗಿ, ಒಂದು ಜಗ್ ಕೊಡ್ತೀರಾ ಅಂತ ಅಂಗಡಿಯಾಕೆಯನ್ನು ಕೇಳಿದ, ಆಕೆ ಓಡಿ ತಂದುಕೊಟ್ಟಳು. ಬಗ್ಗಿ ಅಂದ. ಬಗ್ಗಿದಳು. ಬೀದಿಯಲ್ಲಿ, ಹಗಲಿನಲ್ಲಿ, ಸೈಕಲ್ಲುಗಳು ನಿಧಾನವಾಗುತ್ತಿವೆ, ಯಾರೋ ನಿಂತರು, ಯಾರೋ ಹೋಗಿ ಅಂತ ಅವರನ್ನು ಕಳಿಸಿದರು, ಅವಳಿಗೆ ಕಾಣುವುದು ಕಲ್ಲಿನ ಮೇಲೆ ಒದ್ದೆಯಾಗುತ್ತಿರುವ ಅವನ ಸಾಕ್ಸು ಮಾತ್ರ, ನೀರು ಬಿತ್ತು, ಮೊದಲ ನೀರು, ಉಜ್ಜಿಕೊಳ್ಳಿ ಅಂದ, ನೊರೆ ಎದ್ದಿತು, ಬೆರಳ ತುದಿಯಲ್ಲಿ ಉಜ್ಜಿ, ಉಗುರು ತಾಗಿಸ್ಬೇಡಿ ಅಂದ, ಕಣ್ಣು ಮುಚ್ಕೊಳ್ಳಿ ಅಂದ, ಮುಚ್ಚಿದಳು, ಮತ್ತು ಆಗ ಹಣೆಗೆ ಅಡ್ಡಲಾಗಿ ಒಂದು ಅಂಗೈ ಬಂದು ಕೂತಿತು, ಹುಬ್ಬಿನ ಮೇಲೆ, ಚಪ್ಪರದ ಹಾಗೆ, ನೊರೆ ಕಣ್ಣಿಗೆ ಇಳಿಯದ ಹಾಗೆ. ಒರಟು ಅಂಗೈ, ಗಾಜು ಕೊಯ್ದ ಹಳೆಯ ಗಾಯಗಳ ಗೆರೆ ಒಂದೊಂದೂ ಅವಳ ಹಣೆಗೆ ತಿಳಿಯುತ್ತಿದೆ, ನೀರು ಸುರಿಯುತ್ತಿದೆ, ಅಂಗೈಯ ಈಚೆಗೂ ಆಚೆಗೂ ಇಳಿದು ಕಿವಿಯ ಪಕ್ಕದಿಂದ ಹೋಗುತ್ತಿದೆ, ಉರೀತಿದೆಯಾ ಅಮ್ಮ, ಇಲ್ಲ ಅನ್ನಬೇಕು, ಸ್ವಲ್ಪ ತಡ್ಕೊಳ್ಳಿ, ಮುಗೀತು, ಮುಗಿಯದಿರಲಿ, ಇನ್ನೊಂದು ಜಗ್, ಕಣ್ಣು ತೆರೆದರೆ ಇವನು ಯಾರನ್ನೋ ನೋಡುತ್ತಾನೆ, ನೀವು ಅನ್ನುತ್ತಾನೆ, ತೆರೆಯದಿದ್ದರೆ ಹಣೆಯ ಮೇಲೆ ಅಂಗೈ, ನೀರು, ಅಂಗೈ, ಸಂಜೆ ಬರ್ತಾಳೆ ಅಂದನಲ್ಲ, ಯಾವ ಸಂಜೆ, ಅಂಗೈ, ಒರಟು, ಒದ್ದೆ, ಬೆಚ್ಚಗೆ, ಹುಬ್ಬಿನ ಮೇಲೆ ಅಡ್ಡಲಾಗಿ, ಅಂಗೈ —